ಆತ್ಮರಕ್ಷಣೆಗೆ ಯಾವ ಒದೆತ? ನೆಲದ ಮೇಲಿರುವ ಕಾಲಿನಿಂದ ಯೋಚಿಸಿ

ಆತ್ಮರಕ್ಷಣೆಗಾಗಿ ಯಾವ ಒದೆತವನ್ನು ಕಲಿಯಬೇಕು ಎಂದು ಕೇಳುವವರ ಗಮನವೆಲ್ಲ ಸಾಮಾನ್ಯವಾಗಿ ಮೇಲೇಳುವ ಕಾಲಿನ ಮೇಲಿರುತ್ತದೆ. ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಷ್ಟು ಜೋರಾಗಿ ತಾಗುತ್ತದೆ ಎಂಬುದನ್ನೇ ಅವರು ಅಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ನೆಲದ ಮೇಲೆ ಉಳಿಯುವ ಇನ್ನೊಂದು ಕಾಲು. ಒದೆಯುವಷ್ಟು ಹೊತ್ತೂ ದೇಹದ ಪೂರ್ತಿ ಭಾರ ಒಂದೇ ಪಾದದ ಮೇಲಿರುತ್ತದೆ. ಆ ಕ್ಷಣದಲ್ಲಿ ಹಿಂದೆ ಸರಿಯಲು, ಓಡಲು, ಎದುರಿನವನು ನೂಕಿದರೆ ತಡೆದುಕೊಳ್ಳಲು ಸಾಧ್ಯವಿರುವುದಿಲ್ಲ. ಆದ್ದರಿಂದ ಯಾವುದೇ ಒದೆತವನ್ನು ಒಪ್ಪಿಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಗುರಿ ತಪ್ಪಿದರೂ ನಾನು ನಿಂತೇ ಇರುತ್ತೇನೆಯೇ? ಎತ್ತಿದ ಪಾದ ಎಷ್ಟು ಬೇಗ ನೆಲಕ್ಕೆ ಮರಳುತ್ತದೆ?

ಈ ಪ್ರಶ್ನೆಗಳನ್ನು ಕ್ರೀಡಾಂಗಣ ಕೇಳುವುದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಗಿರುವ ಕೊರಿಯಾದ ಸಮರಕಲೆ ಟೇಕ್ವಾಂಡೋವನ್ನೇ ನೋಡಿ. ಅದರ ಅಂಕಪದ್ಧತಿಯಲ್ಲಿ ಮುಂಡಕ್ಕೆ ತಾಗುವ ಸಾಮಾನ್ಯ ಒದೆತಕ್ಕೆ 2 ಅಂಕ, ತಲೆಗೆ ತಾಗಿದರೆ 3 ಅಂಕ, ದೇಹವನ್ನು ಸುತ್ತ ತಿರುಗಿಸಿ ತಲೆಗೆ ಒದ್ದರೆ 5 ಅಂಕ. ಸೊಂಟದ ಕೆಳಗೆ ಒದ್ದರೆ ದಂಡ. ಕಠಿಣವಾದದ್ದಕ್ಕೆ ಹೆಚ್ಚು ಬೆಲೆ ಕೊಡುವುದು ಕ್ರೀಡೆಯ ಮಟ್ಟಿಗೆ ನ್ಯಾಯವೇ. ಆದರೆ ಅಲ್ಲಿ ನೆಲ ಸಮತಟ್ಟಾಗಿರುತ್ತದೆ, ಸ್ಪರ್ಧಿಯ ದೇಹ ಬಿಸಿಯೇರಿರುತ್ತದೆ, ಬಟ್ಟೆ ಸಡಿಲವಾಗಿರುತ್ತದೆ, ಬಿದ್ದವನನ್ನು ಎಬ್ಬಿಸಲು ತೀರ್ಪುಗಾರ ಇರುತ್ತಾನೆ. ಬೀದಿಯಲ್ಲಿ ಒದ್ದೆ ನೆಲ, ಬಿಗಿಯಾದ ಪ್ಯಾಂಟು, ಹೆಗಲಿನ ಚೀಲ, ಕಿರಿದಾದ ಜಾಗ ಇವೆಲ್ಲ ಒಟ್ಟಿಗೇ ಎದುರಾಗಬಹುದು. ತಲೆಯ ಎತ್ತರಕ್ಕೆ ಹೋದ ಕಾಲು ಹೆಚ್ಚು ದೂರ ಸಾಗಬೇಕಾಗುವುದರಿಂದ ಎದುರಿನವನ ಕಣ್ಣಿಗೆ ಬೇಗ ಬೀಳುತ್ತದೆ, ಸುಲಭವಾಗಿ ಕೈಗೆ ಸಿಗುತ್ತದೆ, ಸಿಕ್ಕರೆ ನಮ್ಮನ್ನೇ ನೆಲಕ್ಕೆ ಕೆಡವುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆಲವರಿಗೆ ಅದು ಕೈಗೂಡಬಹುದು. ಉಳಿದವರು ಸೊಂಟದಿಂದ ಕೆಳಗಿನ ಗುರಿಗಳನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಒದೆತದ ಉದ್ದೇಶವೂ ಮೊದಲೇ ಸ್ಪಷ್ಟವಾಗಿರಬೇಕು. ಆತ್ಮರಕ್ಷಣೆಯಲ್ಲಿ ಒದೆಯುವುದು ಗೆಲ್ಲುವುದಕ್ಕಲ್ಲ, ಓಡಿಹೋಗಲು ಬೇಕಾದ ಒಂದೆರಡು ಹೆಜ್ಜೆಗಳ ಅಂತರವನ್ನು ಗಳಿಸುವುದಕ್ಕೆ. ಒದೆಯದೆಯೇ ಹೊರಡಲು ದಾರಿಯಿದ್ದರೆ ಹೊರಡಬೇಕು. ಬಹುತೇಕ ದೇಶಗಳ ಕಾನೂನು ಕೂಡ ಅಪಾಯವನ್ನು ತಪ್ಪಿಸಲು ಅಗತ್ಯವಾದಷ್ಟು ಬಲವನ್ನು ಮಾತ್ರ ಒಪ್ಪುತ್ತದೆ. ಕೆಳಗೆ ಬಿದ್ದು ದಾಳಿಯನ್ನು ನಿಲ್ಲಿಸಿದವನನ್ನು ಮತ್ತೆ ಒದ್ದರೆ ಅದು ರಕ್ಷಣೆಯಾಗಿ ಉಳಿಯುವುದಿಲ್ಲ.

ಒಂದೇ ಒದೆತವನ್ನು ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಫ್ರಂಟ್ ಕಿಕ್, ಅಂದರೆ ನೇರವಾಗಿ ಮುಂದಕ್ಕೆ ಒದೆಯುವ ವಿಧಾನ. ಕರಾಟೆಯಲ್ಲಿ ಇದನ್ನು ಮೇ ಗೇರಿ ಎನ್ನುತ್ತಾರೆ, ಟೇಕ್ವಾಂಡೋದಲ್ಲಿ ಆಪ್ ಚಾಗಿ. ಥಾಯ್ಲೆಂಡಿನ ಸಮರಕಲೆ ಮುವಾಯ್ ಥಾಯ್‌ನ ಟೀಪ್ ಇದೇ ಬಳಗಕ್ಕೆ ಸೇರಿದರೂ ಹೊಡೆಯುವುದಕ್ಕಿಂತ ನೂಕುವುದಕ್ಕೆ ಹೆಚ್ಚು ಒತ್ತು ಕೊಡುತ್ತದೆ, ಮತ್ತು ಆತ್ಮರಕ್ಷಣೆಗೆ ಬೇಕಾದದ್ದು ಬಹುಮಟ್ಟಿಗೆ ಆ ನೂಕುವಿಕೆಯೇ. ಮೊದಲು ಮೊಣಕಾಲನ್ನು ನೇರವಾಗಿ ಎದೆಯತ್ತ ಎತ್ತಬೇಕು. ನಂತರ ಸೊಂಟವನ್ನು ಮುಂದಕ್ಕೆ ತಳ್ಳುತ್ತಾ, ಮುಚ್ಚಿದ ಬಾಗಿಲನ್ನು ಒದ್ದು ತೆರೆಯುವಂತೆ, ಪಾದವನ್ನು ಎದುರಿನವನ ಕಿಬ್ಬೊಟ್ಟೆಗೋ ಸೊಂಟದ ಮೂಳೆಗೋ ಒತ್ತಿ ನೂಕಬೇಕು. ಬರಿಗಾಲಿನಲ್ಲಿ ಕಲಿತವರು ಬೆರಳುಗಳನ್ನು ಹಿಂದಕ್ಕೆ ಮಡಿಸಿ ಪಾದದ ಮುಂಭಾಗದ ಉಬ್ಬಿನಿಂದ ಒದೆಯುತ್ತಾರೆ. ಗಟ್ಟಿ ಷೂ ತೊಟ್ಟಾಗ ಬೆರಳುಗಳನ್ನು ಹಾಗೆ ಮಡಿಸುವುದು ಕಷ್ಟವಾದ್ದರಿಂದ ಇಡೀ ಅಂಗಾಲಿನಿಂದಲೋ ಹಿಮ್ಮಡಿಯಿಂದಲೋ ನೂಕುವುದು ಹೆಚ್ಚು ಸುರಕ್ಷಿತ.

ಈ ಒದೆತದಲ್ಲಿ ಕಲಿಯುವವರು ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಮೊಣಕಾಲನ್ನು ಸಾಕಷ್ಟು ಎತ್ತದೆ ಪಾದವನ್ನು ಕೆಳಗಿನಿಂದ ಬೀಸುತ್ತಾರೆ, ಆಗ ಬಲ ಮುಂದಕ್ಕೆ ಹೋಗದೆ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ. ಒದೆಯುವಾಗ ಕೈಗಳನ್ನು ಕೆಳಗಿಳಿಸಿ ಮುಖವನ್ನು ಬಯಲಾಗಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಡವನ್ನು ತೀರಾ ಹಿಂದಕ್ಕೆ ವಾಲಿಸುತ್ತಾರೆ. ಎದುರಿನವನ ಭಾರಕ್ಕೆ ಪ್ರತಿಯಾಗಿ ತಾವೇ ಹಿಂದಕ್ಕೆ ಬೀಳುವ ಸ್ಥಿತಿ ಬರುವುದು ಅಲ್ಲಿಂದಲೇ. ನಿಂತ ಕಾಲಿನ ಮೊಣಕಾಲು ಸ್ವಲ್ಪ ಬಾಗಿದ್ದು, ಹಿಮ್ಮಡಿ ನೆಲ ಬಿಡದೆ, ಗದ್ದ ಎದೆಯ ಕಡೆಗೆ ಇಳಿದಿದ್ದರೆ ಸಮತೋಲ ತಾನಾಗಿ ಉಳಿಯುತ್ತದೆ.

ಎದುರಿನವನು ಇನ್ನೂ ಹತ್ತಿರ ಬಂದಿದ್ದರೆ, ಅಥವಾ ಕಾಲನ್ನು ಎತ್ತುವಷ್ಟು ಜಾಗವಿಲ್ಲದಿದ್ದರೆ, ಮೊಣಕಾಲು ಮತ್ತು ಅದರ ಕೆಳಗಿನ ಮುಂಭಾಗದ ಎಲುಬಿಗೆ (ಶಿನ್) ಒದೆಯುವ ತಗ್ಗಿನ ಒದೆತಗಳು ನೆರವಿಗೆ ಬರುತ್ತವೆ. ಫ್ರಾನ್ಸ್‌ನಲ್ಲಿ 19ನೇ ಶತಮಾನದಲ್ಲಿ ರೂಪುಗೊಂಡ ಸವಾಟ್ ಕಲೆಯಲ್ಲಿ ಷೂ ತೊಟ್ಟೇ ಹೋರಾಡುತ್ತಾರೆ. ಷೂವಿನ ಒಳ ಅಂಚಿನಿಂದ ಆ ಎಲುಬಿಗೆ ಹೊಡೆಯುವ ಕೂ ದ ಪಿಯೆ ಬಾ ಎಂಬ ಒದೆತ ಅದರ ಮೂಲಪಾಠಗಳಲ್ಲಿ ಒಂದು. ಅಲ್ಲಿ ಎಲುಬಿನ ಮೇಲೆ ಮಾಂಸದ ಹೊದಿಕೆ ಇಲ್ಲದಿರುವುದರಿಂದ ಸಣ್ಣ ಏಟೂ ತೀವ್ರವಾಗಿ ನೋಯುತ್ತದೆ, ಪಾದ ನೆಲದಿಂದ ಹೆಚ್ಚು ಮೇಲೇಳಬೇಕಾಗಿಯೂ ಇಲ್ಲ. ಇದರಂತೆಯೇ ದೇಹವನ್ನು ಪಕ್ಕಕ್ಕೆ ತಿರುಗಿಸಿ ಹಿಮ್ಮಡಿಯಿಂದ ಮೊಣಕಾಲಿಗೆ ಒದೆಯುವ ಲೋ ಸೈಡ್ ಕಿಕ್ ಉಂಟು. ತಲೆ ದಾಳಿಕೋರನ ಕೈಯಿಂದ ದೂರ ಉಳಿಯುವುದು ಇದರ ದೊಡ್ಡ ಅನುಕೂಲ. ಆದರೆ ಭಾರ ಹೊತ್ತು ನೇರವಾಗಿ ನಿಂತ ಮೊಣಕಾಲಿಗೆ ಇದು ಸರಿಯಾಗಿ ತಾಗಿದರೆ ಅಸ್ಥಿಬಂಧಗಳು ಹರಿದು ಜೀವನಪರ್ಯಂತ ಕುಂಟುವ ಸ್ಥಿತಿ ಬರಬಹುದು. ಆದ್ದರಿಂದ ಪ್ರಾಣಕ್ಕೋ ದೇಹಕ್ಕೋ ಗಂಭೀರ ಅಪಾಯವಿರುವಾಗ ಮಾತ್ರ ಇದನ್ನು ಬಳಸಬೇಕು, ಮತ್ತು ಅಭ್ಯಾಸದಲ್ಲಿ ಜೊತೆಗಾರನ ಮೊಣಕಾಲಿಗೆ ಮೆಲ್ಲಗೂ ಒದೆಯಬಾರದು.

ತೊಡೆಯ ಹೊರಬದಿಗೆ ಬೀಸಿ ಹೊಡೆಯುವ ಲೋ ಕಿಕ್ ಮುವಾಯ್ ಥಾಯ್ ಮತ್ತು ಕ್ಯೋಕುಶಿನ್ ಕರಾಟೆಯಲ್ಲಿ ಬಹಳ ಪಳಗಿದ ಅಸ್ತ್ರ. ಸೊಂಟವನ್ನು ಪೂರ್ತಿ ತಿರುಗಿಸಿ, ಪಾದದ ಬದಲು ಶಿನ್ ಎಲುಬಿನಿಂದ ಹೊಡೆದಾಗ ಎದುರಿನವನ ಕಾಲು ಮರಗಟ್ಟಿ ನಡೆಯುವುದೇ ಕಷ್ಟವಾಗುತ್ತದೆ, ಓಡಿ ತಪ್ಪಿಸಿಕೊಳ್ಳಬೇಕಾದವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೂ ಹೊಸಬರಿಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲು ನಾನು ಹಿಂಜರಿಯುತ್ತೇನೆ. 2013ರ ಡಿಸೆಂಬರ್‌ನಲ್ಲಿ ಯುಎಫ್‌ಸಿ 168 ಎಂಬ ಮಿಶ್ರ ಸಮರಕಲೆಗಳ ಸ್ಪರ್ಧೆಯ ಪಂದ್ಯದಲ್ಲಿ ಆಂಡರ್ಸನ್ ಸಿಲ್ವಾ ಬೀಸಿದ ಇಂಥದೇ ಒದೆತವನ್ನು ಕ್ರಿಸ್ ವೈಡ್‌ಮನ್ ಕಾಲೆತ್ತಿ ತಡೆದಾಗ ಒದ್ದ ಸಿಲ್ವಾನ ಕಾಲೇ ಮುರಿಯಿತು; 2021ರ ಏಪ್ರಿಲ್‌ನಲ್ಲಿ ಅದೇ ವೈಡ್‌ಮನ್ ಇನ್ನೊಬ್ಬ ಎದುರಾಳಿಗೆ ಒದೆಯುವಾಗ ಅವರ ಕಾಲೂ ಹಾಗೆಯೇ ಮುರಿಯಿತು. ಜಗತ್ತಿನ ಅಗ್ರ ಪಟುಗಳಿಗೇ ಆಗುವುದು ಅಪರೂಪಕ್ಕೆ ಅಭ್ಯಾಸ ಮಾಡುವವರಿಗೆ ಆಗದು ಎನ್ನಲಾಗದು. ಪಂಚಿಂಗ್ ಬ್ಯಾಗಿನ ಮೇಲೆ ತಿಂಗಳುಗಟ್ಟಲೆ ಹೊಡೆದು ಶಿನ್ ಪಳಗಿದ ಮೇಲೆ, ಬೋಧಕರ ಕಣ್ಣೆದುರಿನಲ್ಲಿ ದೂರದ ಅಂದಾಜು ಸಿಕ್ಕ ಮೇಲೆ ಇದನ್ನು ನೆಚ್ಚಬಹುದು.

ತೊಡೆಸಂಧಿಗೆ ಒದ್ದರೆ ಎಲ್ಲವೂ ಮುಗಿಯಿತು ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಒದೆತ ಸರಿಯಾಗಿ ತಾಗಿದರೆ ಪರಿಣಾಮ ದೊಡ್ಡದು, ನಿಜ. ಆದರೆ ಆ ಭಾಗವನ್ನು ರಕ್ಷಿಸಿಕೊಳ್ಳಲು ದೇಹ ಯೋಚನೆಗೂ ಮೊದಲೇ ತೊಡೆಗಳನ್ನು ಜೋಡಿಸುತ್ತದೆ ಅಥವಾ ಸೊಂಟವನ್ನು ಹಿಂದಕ್ಕೆಳೆಯುತ್ತದೆ. ಅಡ್ರಿನಲಿನ್ ಏರಿದವನಿಗೆ, ಅಮಲಿನಲ್ಲಿರುವವನಿಗೆ ನೋವು ತಡವಾಗಿ ತಿಳಿಯುತ್ತದೆ. ಹಾಗಾಗಿ ಈ ಒದೆತವನ್ನು ಕೊಟ್ಟು ಪರಿಣಾಮಕ್ಕಾಗಿ ಕಾಯುತ್ತಾ ನಿಲ್ಲಬಾರದು. ಅವನು ಬಾಗಿದರೂ ಬಾಗದಿದ್ದರೂ ಮುಂದಿನ ಹೆಜ್ಜೆ ದೂರ ಸರಿಯುವುದೇ ಆಗಿರಬೇಕು.

ಹಿಡಿತಕ್ಕೆ ಸಿಕ್ಕ ಮೇಲೆ ಒದೆಯಲು ಅಂತರ ಉಳಿದಿರುವುದಿಲ್ಲ. ಆಗ ಮೊಣಕಾಲಿನಿಂದ ತೊಡೆಗೆ ಅಥವಾ ಹೊಟ್ಟೆಗೆ ಗುದ್ದುವುದು, ಹಿಂದಿನಿಂದ ಅಪ್ಪಿ ಹಿಡಿದವನ ಪಾದದ ಮೇಲೆ ಹಿಮ್ಮಡಿಯನ್ನು ಊರಿ ತುಳಿಯುವುದು ಉಪಯುಕ್ತ. ಇವೆರಡೂ ಹಿಡಿತವನ್ನು ಸಡಿಲಿಸುವ ಉಪಾಯಗಳು. ಕೈ ಬಿಡಿಸಿಕೊಳ್ಳುವ ಪ್ರಯತ್ನ ಅದರ ಜೊತೆಗೇ ನಡೆಯಬೇಕು.

ಚಾಕು ಹಿಡಿದವನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೈಯಲ್ಲಿರುವ ಚಾಕುವನ್ನು ಒದ್ದು ಹಾರಿಸುವುದು ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಚಲಿಸುವ ಕೈ ಬಹಳ ಚಿಕ್ಕ ಗುರಿ. ಎತ್ತಿದ ಕಾಲು ಚಾಕುವಿಗೆ ಸಿಗಬಹುದು. ತೊಡೆಯ ಒಳಬದಿಯಲ್ಲಿ ಫೆಮೊರಲ್ ಎಂಬ ದೊಡ್ಡ ಅಪಧಮನಿ ಹಾದುಹೋಗುತ್ತದೆ, ಅದಕ್ಕೆ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಓಡಲು, ನಡುವೆ ಕುರ್ಚಿ ಅಥವಾ ಮೇಜನ್ನು ತರಲು ಯಾವ ದಾರಿಯೂ ಇಲ್ಲದಾಗ ಮಾತ್ರ ಒದೆತದ ಯೋಚನೆ ಮಾಡಬೇಕು.

ಆಯ್ಕೆ ಮಾಡಿದ ಒಂದೆರಡು ಒದೆತಗಳನ್ನು ಅಭ್ಯಾಸ ಮಾಡುವಾಗ ತರಬೇತಿಯ ಬಟ್ಟೆಯಲ್ಲಿ ಮಾತ್ರ ಮಾಡಿ ತೃಪ್ತರಾಗಬೇಡಿ. ದಿನವೂ ತೊಡುವ ಬಟ್ಟೆ ಮತ್ತು ಚಪ್ಪಲಿಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಸಮವಲ್ಲದ ನೆಲದ ಮೇಲೆ ಮೊದಲು ನಿಧಾನವಾಗಿ ಒದ್ದು ನೋಡಿ. ಬಟ್ಟೆ ಎಲ್ಲಿ ಬಿಗಿಯುತ್ತದೆ, ಪಾದ ಎಲ್ಲಿ ಜಾರುತ್ತದೆ ಎಂಬುದು ಆಗ ತಿಳಿಯುತ್ತದೆ. ಮೊಣಕಾಲು ಅಥವಾ ಸೊಂಟದ ತೊಂದರೆಯಿರುವವರು, ವಯಸ್ಸಾದವರು ಶಿನ್‌ಗೆ ಹೊಡೆಯುವ ತಗ್ಗಿನ ಒದೆತ ಮತ್ತು ಪಾದ ತುಳಿಯುವುದರಲ್ಲೇ ನಿಲ್ಲಬಹುದು. ಪ್ಯಾಡ್ ಹಿಡಿದ ಜೊತೆಗಾರ ಸುಮ್ಮನೆ ನಿಲ್ಲದೆ ನಿಮ್ಮತ್ತ ನಡೆದು ಬರಲಿ, ಏಕೆಂದರೆ ನಿಂತ ಗುರಿಗೂ ಮೈಮೇಲೆ ಬರುವ ಗುರಿಗೂ ದೂರದ ಲೆಕ್ಕ ಬೇರೆ. ಎರಡೂ ಕಾಲುಗಳಿಂದ ಒದೆಯಿರಿ, ಮತ್ತು ಪ್ರತಿ ಒದೆತವಾದ ಕೂಡಲೇ ಪಾದವನ್ನು ನೆಲಕ್ಕಿಳಿಸಿ, ಕೈಗಳನ್ನು ಮೇಲೆಯೇ ಇಟ್ಟುಕೊಂಡು, ಓರೆಯಾಗಿ ಹಿಂದಕ್ಕೆ ಮೂರು ಹೆಜ್ಜೆ ಸರಿದು ಸುತ್ತಲೂ ಒಮ್ಮೆ ನೋಡಿ ಬಾಗಿಲಿನ ಕಡೆಗೆ ತಿರುಗಿ.