ಫೇಲ್ ಆಗಬೇಕಿದ್ದ ಪರೀಕ್ಷೆ ಪಾಸಾದರೆ ಏನು ಮಾಡಬೇಕು?

ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಪದೇ ಪದೇ ಕಾಣುವ ಚಾಳಿಯಿದು: ತಂತ್ರಾಂಶ ಸರಿಯಿದೆಯೇ ಎಂದು ತಾನೇ ನೋಡುವ ಸ್ವಯಂಚಾಲಿತ ಪರೀಕ್ಷೆಯ ವರದಿಯಲ್ಲಿ ಕೆಂಪು ಬಣ್ಣ, ಅಂದರೆ ವೈಫಲ್ಯ, ಇಲ್ಲವೆಂದರೆ ಸಾಕು, ಉಳಿದ ಸಾಲುಗಳನ್ನು ಯಾರೂ ಓದುವುದಿಲ್ಲ. ‘ಎಕ್ಸ್‌ಪಾಸ್’ ಎಂಬ ಸಾಲು ಅಲ್ಲೇ ಬಿದ್ದಿರುತ್ತದೆ. ಫೇಲ್ ಆಗುತ್ತದೆ ಎಂದು ನೀವೇ ಗುರುತು ಹಾಕಿದ್ದ ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ.

ದಾಲ್‌ಮಿಲ್ಲಿಗೆ ತೊಗರಿ ಖರೀದಿಯ ಬಿಲ್ ಮಾಡುವ ತಂತ್ರಾಂಶ ಬರೆದಿದ್ದೀರಿ ಎನ್ನಿ. ತೂಕ ಸೊನ್ನೆ ಎಂದು ಕೊಟ್ಟರೂ ಬಿಲ್ ಮುದ್ರಣವಾಗುತ್ತದೆ. ದೋಷ ಗೊತ್ತಿದೆ, ಸರಿಪಡಿಸಲು ಪುರುಸೊತ್ತಿಲ್ಲ.

ಹಂತ 1: ಸೊನ್ನೆ ತೂಕಕ್ಕೆ ಬಿಲ್ ಬರಬಾರದು ಎಂದು ನೋಡುವ ಪರೀಕ್ಷೆ ಬರೆದು, ಪೈಟೆಸ್ಟ್‌ನಲ್ಲಿ (ಪೈಥಾನ್ ಭಾಷೆಯ ಪರೀಕ್ಷಾ ಸಾಧನ) ಅದಕ್ಕೆ ‘ಎಕ್ಸ್‌ಫೇಲ್’, ಅಂದರೆ ಫೇಲ್ ಆಗುವುದು ನಿರೀಕ್ಷಿತ ಎಂಬ ಗುರುತು ಹಾಕಿ, ಕಾರಣ ಬರೆಯಿರಿ. ‘ಸ್ಕಿಪ್’ ಬೇಡವೇ ಬೇಡ. ಅದನ್ನು ಹಾಕಿದರೆ ಪರೀಕ್ಷೆ ಓಡುವುದೇ ಇಲ್ಲ.

ಹಂತ 2: ಸಂರಚನಾ ಕಡತದಲ್ಲಿ ‘ಎಕ್ಸ್‌ಫೇಲ್ ಸ್ಟ್ರಿಕ್ಟ್’ ಆಯ್ಕೆಯನ್ನು ಚಾಲೂ ಮಾಡಿ. ಆಗ ಎಕ್ಸ್‌ಪಾಸ್ ಕೂಡ ಕೆಂಪಾಗುತ್ತದೆ. ಇಲ್ಲವಾದರೆ ಜೆಯುನಿಟ್ ಮಾದರಿಯ ಎಕ್ಸ್‌ಎಂಎಲ್ ವರದಿಯಲ್ಲಿ (ಬೇರೆ ಸಾಧನಗಳು ಓದುವ ಫಲಿತಾಂಶ ಕಡತ) ಅದು ಪಾಸಾದವುಗಳ ಲೆಕ್ಕಕ್ಕೆ ಸೇರಿ ಕಣ್ಮರೆಯಾಗುತ್ತದೆ. ಪೈಥಾನ್ ಜೊತೆಗೇ ಬರುವ ಯುನಿಟ್‌ಟೆಸ್ಟ್ ಎಂಬ ಪರೀಕ್ಷಾ ಸಾಧನ ಬಳಸುವವರಿಗೆ ಈ ತಾಪತ್ರಯವಿಲ್ಲ: ಪೈಥಾನ್ 3.4ನೇ ಆವೃತ್ತಿಯಿಂದ ಅನಿರೀಕ್ಷಿತ ಯಶಸ್ಸನ್ನೂ ಅದು ವೈಫಲ್ಯವೆಂದೇ ಎಣಿಸುತ್ತದೆ.

ಹಂತ 3: ಎಲ್ಲರೂ ಎಡವುವುದು ಇಲ್ಲಿ. ಎಕ್ಸ್‌ಪಾಸ್ ಕಂಡ ತಕ್ಷಣ ‘ದೋಷ ಹೋಯಿತು’ ಎಂದು ಗುರುತನ್ನು ಅಳಿಸಬೇಡಿ. ಮೊದಲು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸ ತೆರೆದು, ಸೊನ್ನೆ ತೂಕವನ್ನು ತಡೆಯುವ ಸಾಲನ್ನು ಯಾರಾದರೂ ಸೇರಿಸಿದ್ದಾರೆಯೇ ನೋಡಿ. ಸೇರಿಸಿದ್ದರೆ ಅದನ್ನು ತಾತ್ಕಾಲಿಕವಾಗಿ ತೆಗೆದು ಪರೀಕ್ಷೆಯನ್ನು ಮತ್ತೆ ಓಡಿಸಿ. ಈಗ ಫೇಲ್ ಆದರೆ ದುರಸ್ತಿ ನಿಜ. ಆಗಲೂ ಪಾಸಾದರೆ ಪರೀಕ್ಷೆಯೇ ಪೊಳ್ಳು. ನಾನು ಹೆಚ್ಚಾಗಿ ನೋಡಿದ್ದು ಇಂಥದ್ದನ್ನೇ: ತೂಕಗಳ ಪಟ್ಟಿ ಖಾಲಿ, ಲೂಪ್ ಒಮ್ಮೆಯೂ ತಿರುಗಿಲ್ಲ, ಫಲಿತಾಂಶ ಸರಿಯೇ ಎಂದು ನೋಡುವ ಒಳಗಿನ ‘ಅಸರ್ಟ್’ ಸಾಲನ್ನು ಮುಟ್ಟಿಯೇ ಇಲ್ಲ. ಅಂಥ ಸಾಲನ್ನು ಯಾರೂ ಸೇರಿಸಿಲ್ಲ, ಆದರೂ ಪಾಸಾಗಿದೆಯೇ? ಬೇರೊಂದು ಕಂಪ್ಯೂಟರಿನಲ್ಲಿ ಓಡಿಸಿ. ಅಲ್ಲಿ ಫೇಲ್ ಆದರೆ ಎರಡೂ ಕಡೆಯ ಲೈಬ್ರರಿಯ (ಬಳಸಿದ ಸಿದ್ಧ ಕೋಡ್) ಆವೃತ್ತಿ, ದಿನಾಂಕ, ಡೇಟಾಬೇಸಿನ ಹಳೆಯ ಸಾಲುಗಳನ್ನು ಒಂದೊಂದಾಗಿ ಹೋಲಿಸಿ.

ಉಲ್ಟಾ ಮೋಸವೂ ಉಂಟು. ಫಂಕ್ಷನ್ ಹೆಸರಿನ ಕಾಗುಣಿತ ತಪ್ಪಿದರೂ ಪರೀಕ್ಷೆ ‘ನಿರೀಕ್ಷೆಯಂತೆ’ ಫೇಲ್ ಆಗಿ ಸುಮ್ಮನಿರುತ್ತದೆ. ಅದಕ್ಕೇ ಎಕ್ಸ್‌ಫೇಲ್ ಗುರುತಿನ ‘ರೈಸಸ್’ ಆಯ್ಕೆಯಲ್ಲಿ ಯಾವ ಬಗೆಯ ದೋಷ (ಎಕ್ಸೆಪ್ಶನ್) ಬರಬೇಕೆಂದು ನಮೂದಿಸಿ. ಬೇರೆ ಬಗೆಯದು ಬಂದರೆ ವರದಿ ಕೆಂಪಾಗುತ್ತದೆ.

ಹಂತ 4: ದುರಸ್ತಿ ಖಚಿತವಾದ ಮೇಲೆ ಗುರುತನ್ನು ತೆಗೆಯಿರಿ, ಪರೀಕ್ಷೆಯನ್ನು ಉಳಿಸಿಕೊಳ್ಳಿ. ಬೇಕಾದ ಫಲಿತಾಂಶ ಬರುವವರೆಗೆ ಮರಳಿ ಮರಳಿ ಓಡಿಸುವ ಪ್ಲಗಿನ್‌ಗಳನ್ನು ಮಾತ್ರ ಈ ಕೆಲಸಕ್ಕೆ ಹತ್ತಿರ ಸೇರಿಸಬೇಡಿ.