ಕನ್ನಡ ಬಿಡಿಸಿ ಅಂದರು, ನಾವು ಕನ್ನಡದಿಂದಲೇ ಶುರು ಮಾಡಿದೆವು

ಮಗನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಎಂದು ಗೊತ್ತಾದಾಗ ಅವನು 3ನೇ ಕ್ಲಾಸು. ಈಗ 7ನೇ ಕ್ಲಾಸು. ಹೋದ ವರ್ಷ ಕನ್ನಡದಲ್ಲಿ 100ಕ್ಕೆ 60ರ ಆಚೀಚೆ ತೆಗೆದ. ಪ್ರಶ್ನೆಪತ್ರಿಕೆ ಅವನೇ ಓದಿಕೊಂಡ, ಉತ್ತರವೂ ಅವನದೇ ಕೈಬರಹ. ಅಂದಿನಿಂದ ಹೇಗೆ ಕಲಿಸಿದಿರಿ ಎಂದು ಕೇಳುವ ಫೋನ್ ಜಾಸ್ತಿ ಬರುತ್ತಿವೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

"ಸರ್, ಕನ್ನಡ ಬಿಡಿಸಿಬಿಡಿ. ಅವನಿಗೂ ಆರಾಮ, ನಮಗೂ ಆರಾಮ." ಇದು ಶಾಲೆಯವರ ಮಾತು. ಇಂಥ ಮಕ್ಕಳಿಗೆ ಪಾಠ ಹೇಳಲು ಮನೆಗೆ ಬರುತ್ತಿದ್ದ ಸ್ಪೆಷಲ್ ಎಜುಕೇಟರ್ ಕೂಡ ಇದನ್ನೇ ಹೇಳಿದರು. ಕಾನೂನೇನೋ ಅವರ ಕಡೆಗೇ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. 17ನೇ ಸೆಕ್ಷನ್ನಿನಲ್ಲಿ ಎರಡನೇ, ಮೂರನೇ ಭಾಷೆಗೆ ವಿನಾಯಿತಿ, ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಎಲ್ಲಾ ಇವೆ. ಆದರೆ ಹುಡುಗ ಮನೆಯಲ್ಲಿ ಕನಸು ಕಾಣುವುದೂ ಕನ್ನಡದಲ್ಲೇ. ಬರುವ ಭಾಷೆ ಬಿಟ್ಟು ಬಾರದ ಭಾಷೆಯಲ್ಲಿ ಓದು ಕಲಿ ಅಂದರೆ ಹೇಗೆ?

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಖಾಸಗಿಯಾಗಿ ಮಾಡಿಸಿದ ಮೊದಲ ಪರೀಕ್ಷೆಗೆ ಸುಮಾರು 8,000 ಹೋಯಿತು. ಆ ರಿಪೋರ್ಟನ್ನು ಶಾಲೆ ಒಪ್ಪಲಿಲ್ಲ, ಕೊನೆಗೆ ಬೆಂಗಳೂರಿನ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋಗಿ ಎಲ್ಲಾ ಹೊಸದಾಗಿ ಮಾಡಿಸಬೇಕಾಯಿತು. ಎಜುಕೇಟರ್‌ಗೆ ಕ್ಲಾಸಿಗೆ 700, ತಿಂಗಳಿಗೆ 6,000ದ ಹತ್ತಿರ. ನಡುವೆ ಅಬ್ಯಾಕಸ್, ಇಂಗ್ಲಿಷ್ ಅಕ್ಷರದ ಸದ್ದು ಕಲಿಸುವ ಫೋನಿಕ್ಸ್ ಕ್ಲಾಸು, ಮೀನೆಣ್ಣೆ ಮಾತ್ರೆ, ಪುಟದ ಮೇಲೆ ಇಡುವ ಬಣ್ಣದ ಹಾಳೆ. ಅಂದಾಜು ಒಂದೂವರೆ ಲಕ್ಷ ಖರ್ಚಾಯಿತು. ಬಣ್ಣದ ಹಾಳೆ ಹಾಕಿದ ವಾರ ಚೆನ್ನಾಗಿ ಓದುತ್ತಿದ್ದಾನೆ ಅನ್ನಿಸಿತ್ತು. ನೋಡಿದರೆ ಆ ಪಾಠ ಅವನಿಗೆ ಬಾಯಿಪಾಠವಾಗಿತ್ತು! ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಬರೆಸುವುದು ಮಾತ್ರ ಕೆಲಸಕ್ಕೆ ಬಂತು. ಹಿಟ್ಟಲ್ಲ, ಕಾಳು. ಹಿಟ್ಟು ಬೆರಳಿಗೆ ಅಂಟುತ್ತದೆ.

ಕಾಗುಣಿತ ನಿಧಾನಕ್ಕೆ ಬಂತು. ಸಿಕ್ಕಿಹಾಕಿಕೊಂಡಿದ್ದು ಒತ್ತಕ್ಷರದಲ್ಲಿ. 'ನಿಲ್ದಾಣ'ವನ್ನು 'ನಿಲಾದಣ' ಎಂದು ಓದುತ್ತಿದ್ದ. 'ರಸ್ತೆ' ಅವನ ಬಾಯಲ್ಲಿ 'ರಸೆತ', 'ಮಾರ್ಗ' ಹೋಗಿ 'ಮಾಗರ'. ಎಲ್ಲರೂ ಇದನ್ನು ಗಮನ ಇಲ್ಲದ ತಪ್ಪು ಅಂದರು. ನನ್ನದು ಚಾಮರಾಜಪೇಟೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಇಪ್ಪತ್ತು ವರ್ಷದಿಂದ ಅಕ್ಷರ ಜೋಡಿಸುವುದೇ ಕೆಲಸ, ಹಾಗಾಗಿ ನನಗೆ ಬೇರೆ ಏನೋ ಕಂಡಿತು. ಹುಡುಗ ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಾನೆ! 'ಸ್ತೆ'ಯಲ್ಲಿ ಎತ್ವ, ಅಂದರೆ ಎ ಸ್ವರದ ಗುರುತು, ಕೂತಿರುವುದು ಸ ಮೇಲೆ, ಆದರೆ ಉಚ್ಚಾರ ಬರುವುದು ತ ಆದಮೇಲೆ. ಅರ್ಕಾವತ್ತನ್ನು, ಅಂದರೆ 'ಮಾರ್ಗ'ದಲ್ಲಿ ಗ ಪಕ್ಕ ಕೂರುವ ರ ಗುರುತನ್ನು, ಬರೆಯುವುದು ಆಮೇಲೆ, ಓದುವುದು ಮೊದಲು. ನಮಗೆ ಅಭ್ಯಾಸವಾಗಿ ಕಾಣಿಸುವುದಿಲ್ಲ ಅಷ್ಟೇ.

ಹಾಗಾಗಿ ಕಾರ್ಡ್ ಮಾಡಿದೆ. ಮೂಲ ಅಕ್ಷರ ಕಪ್ಪು, ಒತ್ತು ನೀಲಿ, ಸ್ವರದ ಗುರುತು ಕೆಂಪು. ಓದುವಾಗ ಕಪ್ಪು, ನೀಲಿ, ಕೊನೆಗೆ ಕೆಂಪು. ಯೂನಿಕೋಡ್‌ನಲ್ಲಿ ಒತ್ತಿಗೆ ಮಾತ್ರ ಬಣ್ಣ ಕೊಡಲು ಹೋದರೆ ಅಕ್ಷರವೇ ಒಡೆದುಹೋಗುತ್ತದೆ. ಹಳೇ ನುಡಿ ಫಾಂಟ್‌ನಲ್ಲಿ ಒತ್ತು ಬೇರೆ ತುಂಡು, ಎತ್ವ ಬೇರೆ ತುಂಡು, ಆರಾಮಾಗಿ ಬಣ್ಣ ಹಾಕಬಹುದು. ಗುಡಿಸು, ಅಂದರೆ ಇ ಸ್ವರದ ಗುರುತು, ಮಾತ್ರ ಅಕ್ಷರಕ್ಕೇ ಅಂಟಿರುತ್ತದೆ, ಅದನ್ನು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕೋರಲ್‌ನಲ್ಲಿ ಕತ್ತರಿಸಿದೆ. ಅರ್ಕಾವತ್ತಿಗೆ ಯಾವ ಬಣ್ಣ, ಅದನ್ನು ಮೊದಲು ಓದಿಸಿದ್ದು ಹೇಗೆ ಎಂದು ಕೇಳಬೇಡಿ. ತುಂಬಾ ರಾತ್ರಿ ಕೂತು ಕಂಡುಕೊಂಡಿದ್ದು, ಸುಮ್ನೆ ಕೊಡಲು ಮನಸ್ಸಿಲ್ಲ. ಕಾರ್ಡಿಗೆ ಲ್ಯಾಮಿನೇಷನ್ ಸೇರಿ ಎಲ್ಲಾ 400 ರೂಪಾಯಿ ಆಗಿರಬಹುದು.

ಭಾನುವಾರ ಅವನನ್ನು ಮೆಟ್ರೋದಲ್ಲಿ ಕರೆದೊಯ್ಯುತ್ತಿದ್ದೆ. ವಿಜಯನಗರದಿಂದ ಕೆಂಗೇರಿ ಕಡೆಗೆ ನೇರಳೆ ಮಾರ್ಗದ ಬೋರ್ಡುಗಳಿಗಿಂತ ಒಳ್ಳೇ ಪಠ್ಯಪುಸ್ತಕ ಇಲ್ಲ. ಅತ್ತಿಗುಪ್ಪೆ ಸುಲಭ, ಅದೇ ಅಕ್ಷರಕ್ಕೆ ಅದೇ ಒತ್ತು. ಮೈಸೂರು ರಸ್ತೆ ಕಷ್ಟ. ರಾಜರಾಜೇಶ್ವರಿ ನಗರ ಉದ್ದ, ಓದಿ ಮುಗಿಸುವುದರೊಳಗೆ ರೈಲು ಹೊರಡುತ್ತಿತ್ತು. ಜ್ಞಾನಭಾರತಿಯನ್ನು ನಾವೇ 'ಗ್ನಾನ' ಅನ್ನುತ್ತೇವಲ್ವಾ, ಅದನ್ನು ಬಿಟ್ಟುಬಿಟ್ಟೆ. ಪಟ್ಟಣಗೆರೆ ಒಂದೇ ಸಲಕ್ಕೆ ಓದಿದ ದಿನ ಅವನಿಗೆ ಮಸಾಲೆ ದೋಸೆ.

ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚೇ ಹಿಡಿಯಿತು. ಆಮೇಲೆ ಇಂಗ್ಲಿಷ್ ತಾನಾಗಿ ಬಂತು ಅಂದರೆ ಸುಳ್ಳಾಗುತ್ತದೆ. ಪದವನ್ನು ಸದ್ದಾಗಿ ಒಡೆಯುವುದು ಗೊತ್ತಾಗಿದ್ದರಿಂದ ಓದುತ್ತಾನೆ, ಸ್ಪೆಲಿಂಗ್ ಇವತ್ತಿಗೂ ಕೆಟ್ಟದಾಗಿದೆ. ಅದಕ್ಕೇ ಪರೀಕ್ಷೆಗೆ ಸಿಗುವ ಹೆಚ್ಚುವರಿ ಸಮಯವನ್ನು ಬಿಟ್ಟುಕೊಟ್ಟಿಲ್ಲ. ವಿನಾಯಿತಿಯನ್ನು ಹಿಂದಿಗೆ ಬಳಸಿಕೊಂಡೆವು. ಅಲ್ಲಿ ಹ್ರಸ್ವ ಇ ಗುರುತು ವ್ಯಂಜನಕ್ಕಿಂತ ಮುಂಚೆಯೇ ಬಂದು ನಿಲ್ಲುತ್ತದೆ. ಈಗಷ್ಟೇ ಕ್ರಮ ಹಿಡಿದ ಹುಡುಗನಿಗೆ ಅದು ಯಾಕೆ ಬೇಕು?

ಮೊನ್ನೆ ಅದೇ ಶಾಲೆಯಿಂದ ಫೋನ್ ಬಂತು. 4ನೇ ಕ್ಲಾಸಿನಲ್ಲಿ ಇನ್ನಿಬ್ಬರು ಇಂಥ ಮಕ್ಕಳಿದ್ದಾರಂತೆ, ಕಾರ್ಡಿನ ಫೈಲ್ ಕಳಿಸಿ ಎಂದರು. ಪ್ರಿಂಟ್ ಹಾಕಿ ಕೊಡುತ್ತೇನೆ, ಕಾಗದದ ದುಡ್ಡು ಕೊಟ್ಟರೆ ಸಾಕು, ಫೈಲ್ ಮಾತ್ರ ಕೊಡುವುದಿಲ್ಲ ಎಂದೆ. ನಿಮಗೂ ಅದೇ ರೇಟು.