ಅಂಗಳದ ಕಾವಲಿ, ಸೌದೆ ಬೆಂಕಿ ಮತ್ತು ಎರಡು ಸಾಸ್ ಬಾಟಲಿ

ಸೌದೆ ಒಲೆಗೆ ನಾಬ್ ಇರುವುದಿಲ್ಲ. ಗ್ಯಾಸ್ ಮುಂದೆ ನಿಂತು ಒಂದೊಂದೇ ದೋಸೆ ಎರೆಯುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಅಂಗಳದಲ್ಲಿ ಕಲ್ಲು ಹೂಡಿ, ಮೇಲೆ ದೊಡ್ಡ ಕಬ್ಬಿಣದ ಪ್ಲೇಟ್ ಇಟ್ಟು, ಅಡಿಕೆ ಕೊಯ್ಲಿನ ಜನಕ್ಕೆಲ್ಲ ಬೆಳಗಿನ ತಿಂಡಿ ಮಾಡಿದವರಿಗೆ ಗೊತ್ತು: ಬೆಂಕಿ ಒಮ್ಮೆ ಏರಿತು ಅಂದರೆ ಅದನ್ನು ಇಳಿಸುವುದಕ್ಕೆ ಸೌದೆ ಹೊರಗೆಳೆಯಬೇಕು, ಹೊಗೆ ಕುಡಿಯಬೇಕು, ಅಷ್ಟರಲ್ಲಿ ಮೇಲಿದ್ದ ದೋಸೆ ಸೀದಿರುತ್ತದೆ. ನಾನು ಇದಕ್ಕೆ ಹೋಟೆಲಿನವರು ಸಾಸ್ ತುಂಬಿಡುವ ಮೆತ್ತನೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಇಟ್ಟುಕೊಳ್ಳುತ್ತೇನೆ. ಆ ಬಾಟಲಿ ತಂದದ್ದು ಎಣ್ಣೆಗೆ ಅಂತಲೇ. ಆದರೆ ಜಾಸ್ತಿ ಕೆಲಸ ಮಾಡುವುದು ನೀರಿನದ್ದು.

ನಮ್ಮದು ತೀರ್ಥಹಳ್ಳಿ ಕಡೆ. ಅಕ್ಟೋಬರ್ ದಾಟಿದರೆ ಜನವರಿವರೆಗೂ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ಮನೆ ತುಂಬಾ ಜನ. ಅಡುಗೆಮನೆಯ ಕಾವಲಿ ಅಷ್ಟು ಹೊಟ್ಟೆಗೆ ಸಾಕಾಗುವುದಿಲ್ಲ. ಅದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಎರಡಡಿ ಅಗಲ, ಮೂರಡಿ ಉದ್ದ, 6 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪ್ಲೇಟ್ ಕತ್ತರಿಸಿ, ಅಂಚು ಗ್ರೈಂಡ್ ಮಾಡಿಸಿ ತಂದೆ. ಸುಮಾರು 26 ಕೆ.ಜಿ. ತೂಗುತ್ತದೆ, ಇಬ್ಬರು ಹಿಡಿದರೇ ಸಲೀಸು. ಇದನ್ನು ಎಣ್ಣೆ ಸವರಿ ಸವರಿ ಕಾಯಿಸಿ ಪಳಗಿಸುವುದು ಬೇರೆಯೇ ಕಥೆ, ಈಗ ಬೇಡ.

ಚಿಕ್ಕಮ್ಮನದು ಅರ್ಧ ಈರುಳ್ಳಿಯ ಕಾಲ. ಈರುಳ್ಳಿಗೆ ಕಡ್ಡಿ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಕಾವಲಿಗೆ ಒಂದು ಸುತ್ತು ಉಜ್ಜಿದರೆ ಆಯಿತು. ಬಾಳೆದಿಂಡಿನ ತುಂಡಾದರೂ ಸರಿ. ನಾನು ಬಾಟಲಿ ಹಿಡಿದು ನಿಂತಿದ್ದನ್ನು ನೋಡಿ ಅವರು ಅಂದದ್ದು, "ಎಂತ ಮಾರಾಯ, ಅಡಿಕೆಗೆ ಔಷಧಿ ಹೊಡ್ದಂಗೆ ಹೊಡೀತೀಯಲ್ಲ ಎಣ್ಣೆನ." ಚಿಕ್ಕ ಕಾವಲಿಗೆ ಈಗಲೂ ಅವರ ಈರುಳ್ಳಿಯೇ ಮೇಲು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಮೂರಡಿ ಪ್ಲೇಟಿನ ಆಚೆ ತುದಿಗೆ ಎಣ್ಣೆ ಮುಟ್ಟಿಸಬೇಕಾದರೆ ತೋಳು ಪೂರ್ತಿ ಬೆಂಕಿ ಮೇಲೆ ಚಾಚಬೇಕು. ಚಮಚದಲ್ಲಿ ಬಿಟ್ಟರೆ ಅರ್ಧ ಎಣ್ಣೆ ದಾರಿಯಲ್ಲೇ ಚೆಲ್ಲುತ್ತದೆ. ಬಾಟಲಿಯಾದರೆ ನಿಂತಲ್ಲಿಂದಲೇ ಬೇಕಾದ ಜಾಗಕ್ಕೆ, ದೋಸೆಯ ಅಂಚಿಗೆ ಸರಿಯಾಗಿ ಗೆರೆ ಎಳೆದಂತೆ ಬಿಡಬಹುದು. ಎಣ್ಣೆ ಖರ್ಚೂ ಇಳಿಯಿತು. ಎಷ್ಟು ಅಂತ ಅಳೆದಿಲ್ಲ, ಡಬ್ಬ ಖಾಲಿಯಾಗುವುದು ನಿಧಾನವಾಗಿದೆ ಅಷ್ಟೇ.

ಎಣ್ಣೆ ಬಿಡುವಾಗ ಒಂದು ಜಾಗ್ರತೆ. ಪ್ಲೇಟಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಬಾಟಲಿ ತಂದು, ಅಂಚಿನಿಂದ ಒಳಗಡೆಗೆ ಬಿಡಬೇಕು. ಮೇಲಿಂದ ಸುಮ್ನೆ ಪಿಚಕ್ ಅಂತ ಹೊಡೆದರೆ ಗಾಳಿಗೆ ಎಣ್ಣೆಯ ದಾರ ಬಾಗಿ ಅಂಚು ದಾಟಿ ಬೆಂಕಿಗೆ ಬೀಳುತ್ತದೆ, ಬೆಂಕಿ ಭಗ್ ಅಂತ ಪ್ಲೇಟಿನ ಮೇಲಕ್ಕೇ ಏಳುತ್ತದೆ. ಅಂಗಳದಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಯಾರು ಹೇಳಲಿಕ್ಕಾಗುತ್ತದೆ? ಒತ್ತಿದ ಮೇಲೆ ಕೈ ಸಡಿಲ ಬಿಟ್ಟು, ಬಾಟಲಿ ಗಾಳಿ ಒಳಗೆಳೆದುಕೊಂಡ ಮೇಲೆಯೇ ಪಕ್ಕಕ್ಕೆ ಸರಿಸಬೇಕು. ಇಲ್ಲದಿದ್ದರೆ ದಾರಿ ಪೂರ್ತಿ ತೊಟ್ಟು.

ಇನ್ನು ನೀರು. ಕಾವಲಿ ಕಾದಿದೆಯಾ ಅಂತ ನೋಡುವುದಕ್ಕೆ ಎಲ್ಲರೂ ನೀರು ಚಿಮುಕಿಸುತ್ತಾರೆ, ಚುಂಯ್ ಅಂದರೆ ಸರಿ. ದೊಡ್ಡ ಪ್ಲೇಟಿನಲ್ಲಿ ಒಂದು ಕಡೆ ಚುಂಯ್ ಅನ್ನುವಾಗ ಇನ್ನೊಂದು ಕಡೆ ಹನಿ ಆರುವುದೇ ಇಲ್ಲ, ಮಣಿ ಮಣಿಯಾಗಿ ಉರುಳಾಡುತ್ತದೆ. ಸುಮಾರು 200 ಡಿಗ್ರಿ ದಾಟಿದ ಕಬ್ಬಿಣದ ಮೇಲೆ ಹನಿಯ ಅಡಿಯಲ್ಲೇ ಆವಿಯ ತೆಳು ಪದರ ಹುಟ್ಟಿ, ಹನಿ ಅದರ ಮೇಲೆ ತೇಲುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲೇ ಇದನ್ನು ವಿವರಿಸಿ ಬರೆದಿದ್ದ, ಅವನ ಹೆಸರಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ದೋಸೆ ಎರೆಯುವವರಿಗೆ ಇದರ ಅರ್ಥ ಇಷ್ಟೇ, ಅಲ್ಲಿ ಹಿಟ್ಟು ಹುಯ್ಯಬೇಡಿ. ಹುಯ್ದರೆ ಹಿಟ್ಟು ಪ್ಲೇಟು ಹಿಡಿಯುವುದಿಲ್ಲ, ಹರಡಲು ಹೋದ ಸೌಟಿಗೇ ಸುತ್ತಿಕೊಂಡು ಮೇಲೇಳುತ್ತದೆ.

ಆಗ ನೀರಿನ ಬಾಟಲಿ. ಆ ಜಾಗಕ್ಕೆ ಒಂದು ಗೆರೆ ನೀರು, ಕೂಡಲೇ ಕಡ್ಡಿಪೊರಕೆಯಲ್ಲಿ ಗುಡಿಸುವುದು, ಮತ್ತೆ ಒಂದು ಗೆರೆ. ಹೋಟೆಲಿನ ಭಟ್ಟರು ಮಗ್ಗಿನಲ್ಲಿ ನೀರು ಚೆಲ್ಲಿ ಪೊರಕೆ ಆಡಿಸುತ್ತಾರಲ್ವಾ, ಅದೇ ಕೆಲಸ. ಆದರೆ ಮಗ್ಗಿನ ನೀರು ಪೂರ್ತಿ ಪ್ಲೇಟನ್ನು ತಣಿಸುತ್ತದೆ, ಬಾಟಲಿಯದ್ದು ಸುಟ್ಟ ಜಾಗವನ್ನು ಮಾತ್ರ. ಪಕ್ಕದ ದೋಸೆ ಅದರ ಪಾಡಿಗೆ ಅದು ಬೇಯುತ್ತಿರುತ್ತದೆ. ನೀರು ಆವಿಯಾಗುವುದಕ್ಕೆ ತುಂಬಾ ಶಾಖ ಬೇಕು, ಅದನ್ನು ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಲೆಕ್ಕ ಹಾಕಿದರೆ ನನ್ನ 26 ಕೆ.ಜಿ. ಪ್ಲೇಟನ್ನು ಪೂರ್ತಿಯಾಗಿ ಸುಮಾರು 20 ಡಿಗ್ರಿ ಇಳಿಸುವುದಕ್ಕೆ 100 ಮಿ.ಲೀ. ನೀರು ಸಾಕು, ಅಷ್ಟೂ ಪ್ಲೇಟಿನ ಮೇಲೇ ಆವಿಯಾದರೆ. ಒಂದೇ ಸಲ ಜಾಸ್ತಿ ಬಿಟ್ಟರೆ ಉಪಯೋಗ ಇಲ್ಲ. ಉರುಳಿ ಬೆಂಕಿಗೆ ಬೀಳುತ್ತದೆ, ಬೂದಿ ಹಾರಿ ಚಟ್ನಿಗೆ ಬರುತ್ತದೆ. ಪೊರಕೆ ಯಾಕೆ ಅಂದರೆ ತೇಲುವ ನೀರನ್ನು ಒತ್ತಿ ಕಬ್ಬಿಣಕ್ಕೆ ತಾಗಿಸುವುದಕ್ಕೆ.

ಇದೆಲ್ಲ ಉಕ್ಕಿನ ಪ್ಲೇಟಿನ ಮಾತು. ಬೀಡಿನ (ಎರಕದ ಕಬ್ಬಿಣದ) ಕಾವಲಿಗೆ, ಅದು ಚೆನ್ನಾಗಿ ಕಾದಿರುವಾಗ ತಣ್ಣೀರು ಬಿಡಬೇಡಿ, ಬಿರುಕು ಬಿಡುವುದುಂಟು. ಉಕ್ಕು ಬಿರಿಯುವುದಿಲ್ಲ, ಒಂದೇ ಕಡೆ ತುಂಬಾ ಹೊಡೆದರೆ ಸ್ವಲ್ಪ ಸೊಟ್ಟಗಾಗಬಹುದು. ತೆಳು ಶೀಟಾದರೆ ಖಂಡಿತ ಆಗುತ್ತದೆ, ಹಾಗಾಗಿ 6 ಮಿ.ಮೀ.ಗಿಂತ ಕಡಿಮೆ ತರಬೇಡಿ ಅಂತ ನನ್ನ ಅಭಿಪ್ರಾಯ.

ಸೌತೆಕಾಯಿ ದೋಸೆ, ಮೆಂತೆ ದೋಸೆಯಂಥ ದಪ್ಪ ದೋಸೆಗೂ ನೀರು ಬೇಕು. ಹಿಟ್ಟು ಹುಯ್ದು, ಪಕ್ಕದಲ್ಲಿ ಒಂದು ಚಮಚದಷ್ಟು ನೀರು ಬಿಟ್ಟು, ಮೇಲೆ ಬೋಗುಣಿ ಕವುಚಿದರೆ ಆವಿಯಲ್ಲೇ ಮೇಲ್ಭಾಗ ಬೇಯುತ್ತದೆ, ಮಗುಚುವ ಕೆಲಸವೇ ಇಲ್ಲ. 1 ಮಿ.ಲೀ. ನೀರು ಆವಿಯಾದರೆ ಒಂದೂವರೆ ಲೀಟರಿಗೂ ಜಾಸ್ತಿ ಜಾಗ ಹಿಡಿಯುತ್ತದೆ, ಒಂದು ಚಮಚ ಬೇಕಾದಷ್ಟಾಯಿತು. ಬೋಗುಣಿ ಎತ್ತುವಾಗ ಆಚೆ ಬದಿಯಿಂದ ಎತ್ತಿ, ಇಲ್ಲದಿದ್ದರೆ ಆವಿ ಮುಖಕ್ಕೆ ಹೊಡೆಯುತ್ತದೆ. ಅಕ್ಕಿ ರೊಟ್ಟಿಗೆ ಮೇಲೆ ನೀರು ಸವರುವಾಗಲೂ ಅಷ್ಟೇ, ಬಟ್ಟೆಯನ್ನು ಪಾತ್ರೆಗೆ ಅದ್ದುವ ಬದಲು ಬಟ್ಟೆಗೇ ಬಾಟಲಿಯಿಂದ ನೀರು ಬಿಟ್ಟುಕೊಳ್ಳುತ್ತೇನೆ. ಕೊನೆಗೆ ತೊಳೆಯುವುದೂ ಅದರಲ್ಲೇ: ಪ್ಲೇಟ್ ಬಿಸಿ ಇರುವಾಗಲೇ ನೀರು ಬಿಟ್ಟು, ಸಟ್ಟುಗದಲ್ಲಿ ಕೆರೆದು, ಒರೆಸಿ, ಒಂದು ಕೈ ಎಣ್ಣೆ ಸವರುವುದು. ಸೋಪು ಬೇಕಾಗಿಲ್ಲ.

ನೀರು, ಎಣ್ಣೆ ಎರಡೂ ಒಂದೇ ನಮೂನೆಯ ಬಾಟಲಿಯಲ್ಲಿ ಇರಲೇಬಾರದು. ನಮ್ಮ ಅಣ್ಣ ಒಮ್ಮೆ ಮೀನು ಹುರಿಯುವಾಗ ಎಣ್ಣೆ ಅಂತ ನೀರನ್ನೇ ಎಣ್ಣೆ ಮಡುವಿಗೆ ಹೊಡೆದ. ಸಿಡಿದದ್ದು ತೋಳಿಗೆ ಪೂರಾ. ನಸುಕಿನಲ್ಲಿ, ಹೊಗೆಯಲ್ಲಿ ಚೀಟಿ ಅಂಟಿಸಿ ಪ್ರಯೋಜನ ಇಲ್ಲ, ಕೈಗೆ ಗೊತ್ತಾಗಬೇಕು. ನೀರಿನದ್ದು ದೊಡ್ಡದು, 700 ಮಿ.ಲೀ., ಎಣ್ಣೆಯದ್ದು ಚಿಕ್ಕದು, 250. ಎಣ್ಣೆ ಬಾಟಲಿಯ ಕುತ್ತಿಗೆಗೆ ಎರಡು ದಪ್ಪ ರಬ್ಬರ್ ಬ್ಯಾಂಡ್. ಅದರಿಂದ ಜಾರುವುದೂ ನಿಂತಿತು.

ಬಾಟಲಿ ತರುವಾಗ ಕೆಂಪು, ಹಳದಿ ಬಣ್ಣದ್ದು ಬೇಡ, ಒಳಗೆ ಏನಿದೆ, ಎಷ್ಟಿದೆ ಅಂತ ಕಾಣುವುದಿಲ್ಲ. ಬಿಳಿ ಪಾರದರ್ಶಕದ್ದೇ ತನ್ನಿ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಪಾತ್ರೆ, ಪ್ಲಾಸ್ಟಿಕ್ ಅಂಗಡಿಗಳಲ್ಲಿ ಕೇಳಿ. ತಳದಲ್ಲಿ ತ್ರಿಕೋನದೊಳಗೆ ಪ್ಲಾಸ್ಟಿಕ್ ಯಾವ ಬಗೆಯದ್ದು ಅಂತ ನಂಬರ್ ಇರುತ್ತದೆ: 4 ಇದ್ದರೆ ಮೆತ್ತನೆಯದ್ದು, ಒತ್ತಲು ಸುಲಭ, ಆದರೆ ಶಾಖ ತಡೆಯುವುದಿಲ್ಲ. 5 ಇದ್ದರೆ ಸ್ವಲ್ಪ ಬಿಗಿ, ಶಾಖ ಜಾಸ್ತಿ ತಡೆಯುತ್ತದೆ. ಕುಡಿಯುವ ನೀರಿನ ಖಾಲಿ ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆ ಚುಚ್ಚಿ ಬಳಸುವವರು ಬೇಕಾದಷ್ಟು ಜನ ಇದ್ದಾರೆ, ಅದು 1ನೇ ನಂಬರಿನದ್ದು, ಬಿಸಿ ತಾಗಿದರೆ ಬೇಗ ಮುದುಡುತ್ತದೆ, ಒತ್ತಿದರೆ ವಾಪಸ್ ಉಬ್ಬುವುದೂ ಇಲ್ಲ. ಯಾವುದೇ ಆಗಲಿ ಒಲೆಯ ಪಕ್ಕ ಇಡಬಾರದು. ಕರಗುವುದು ಹಾಗಿರಲಿ, ಅರ್ಧ ಖಾಲಿಯಾದ ಬಾಟಲಿ ಬೆಚ್ಚಗಾದರೆ ಒಳಗಿನ ಗಾಳಿ ಹಿಗ್ಗುತ್ತದೆ, ಆಮೇಲೆ ಬಗ್ಗಿಸಿದ ಕೂಡಲೇ ಒತ್ತದಿದ್ದರೂ ಎಣ್ಣೆ ತಾನಾಗಿ ಸುರಿಯುತ್ತದೆ.

ಮೂತಿಯ ತೂತೇ ಎಲ್ಲ. ಎಣ್ಣೆಗೆ 2 ಮಿ.ಮೀ. ಸಾಕು. ಮೊದಲು ತುದಿ ಮಾತ್ರ ಕತ್ತರಿಸಿ ನೋಡಿ, ದೊಡ್ಡದು ಬೇಕಾದರೆ ಆಮೇಲೂ ಮಾಡಬಹುದು. ಜೋನಿ ಬೆಲ್ಲಕ್ಕೆ (ನೀರುಬೆಲ್ಲ) 4-5 ಮಿ.ಮೀ. ಬೇಕು, ಚಳಿಗೆ ಅದು ಇನ್ನೂ ಮಂದ ಆಗುತ್ತದೆ. ಬಿಸಿ ದೋಸೆ ಮೇಲೆ ಜೋನಿ ಬೆಲ್ಲ ಬಾಟಲಿಯಿಂದ ಸುತ್ತಿ ಕೊಟ್ಟರೆ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ, ಅಂಟು ಕೈ ಎಲ್ಲಾ ಕಡೆ ಆಗುವುದೂ ತಪ್ಪುತ್ತದೆ. ಕಾಯಿ ಚಟ್ನಿ ಬೇಡ, ಚೂರು ಸಿಕ್ಕಿ ಮೂತಿ ಕಟ್ಟುತ್ತದೆ, ಸಿಟ್ಟಿನಿಂದ ಒತ್ತಿದರೆ ಮುಚ್ಚಳವೇ ಹಾರುತ್ತದೆ. ತುಪ್ಪಕ್ಕೂ ಬೇಡ, ಚಳಿಗೆ ಮರಳುಮರಳಾಗಿ ಗಟ್ಟಿಯಾಗುತ್ತದೆ, ಕುದಿ ತುಪ್ಪ ಹಾಕಿದರೆ ಬಾಟಲಿ ಉಳಿಯುವುದಿಲ್ಲ. ಎಣ್ಣೆಗೆ ಹಸಿ ಬೆಳ್ಳುಳ್ಳಿ ಹಾಕಿ ಘಮಕ್ಕೆ ಅಂತ ಬಾಟಲಿಯಲ್ಲಿ ದಿನಗಟ್ಟಲೆ ಇಡುವುದಂತೂ ಬೇಡವೇ ಬೇಡ, ಗಾಳಿಯಾಡದ ಎಣ್ಣೆಯೊಳಗೆ ಬಾಟ್ಯುಲಿಸಂ (ಪ್ರಾಣಕ್ಕೇ ಕುತ್ತು ತರಬಲ್ಲ ಆಹಾರ ವಿಷಬಾಧೆ) ತರುವ ವಿಷ ಹುಟ್ಟುವ ಅಪಾಯ ಇದೆ, ಅದು ಬಣ್ಣದಲ್ಲಿ ವಾಸನೆಯಲ್ಲಿ ಗೊತ್ತಾಗದೇ ಇರಬಹುದು.

ದೋಸೆ ಹಿಟ್ಟನ್ನು ಬಾಟಲಿಯಲ್ಲಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಉದ್ದಿನ ಹಿಟ್ಟು ಬೇಡ. ಹುದುಗಿದ ಹಿಟ್ಟು ಗ್ಯಾಸ್ ಬಿಡುತ್ತಲೇ ಇರುತ್ತದೆ, ಮುಚ್ಚಿಟ್ಟರೆ ಬಾಟಲಿ ಉಬ್ಬುತ್ತದೆ. ಸಣ್ಣ ತೂತಿನಿಂದ ಹಿಂಡಿದರೆ ಗುಳ್ಳೆಯೆಲ್ಲ ಒಡೆದು ದೋಸೆ ಚರ್ಮ ಆಗುತ್ತದೆ. ನೀರು ದೋಸೆ ಹಿಟ್ಟು ಪರವಾಗಿಲ್ಲ, ಪ್ರತಿ ಸಲ ಅಲ್ಲಾಡಿಸಬೇಕು, ಅಕ್ಕಿ ತಳ ಕೂರುತ್ತದೆ. ಆದರೂ ಸೌಟಿನಷ್ಟು ಬೇಗ ಆಗುವುದಿಲ್ಲ. ನಾನು ಅದನ್ನು ಇಟ್ಟುಕೊಳ್ಳುವುದು ಮಕ್ಕಳು ಬಂದಾಗ ಹೆಸರು ಬರೆದು ಕೊಡುವುದಕ್ಕೆ ಮಾತ್ರ. ಅಕ್ಷರ ಬರೆದು ಸ್ವಲ್ಪ ಕೆಂಪಾಗಲು ಬಿಟ್ಟು, ಅದರ ಮೇಲೆ ಹಿಟ್ಟು ಹುಯ್ದು ಮುಚ್ಚಿದರೆ, ಎಬ್ಬಿಸಿ ಮಗುಚಿದಾಗ ಕೆಂಪು ಅಕ್ಷರ ಮೇಲೆ ಬರುತ್ತದೆ. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು ಅನ್ನುವುದು ನೆನಪಿರಲಿ. 'ಶ' ಬರೆಯಲು ಹೋಗಿ ನೋಡಿ, ಗೊತ್ತಾಗುತ್ತದೆ.

ಚಳಿಗಾಲದ ಬೆಳಗಿನ ತೊಂದರೆ ಕೊಬ್ಬರಿ ಎಣ್ಣೆಯದ್ದು. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಒಲೆ ಹತ್ತಿರ ಇಟ್ಟು ಕರಗಿಸುವುದು ಬೇಡ, ಉಗುರುಬೆಚ್ಚಗಿನ ನೀರಿನ ಚೊಂಬಿನಲ್ಲಿ ನಿಲ್ಲಿಸಿ. ನಾನು ಆ ಎರಡು ತಿಂಗಳು ಅರ್ಧಕ್ಕರ್ಧ ಸೂರ್ಯಕಾಂತಿ ಎಣ್ಣೆ ಬೆರೆಸುತ್ತೇನೆ, ಅಷ್ಟು ಬೇಗ ಕಟ್ಟುವುದಿಲ್ಲ.

ತೊಳೆಯುವುದರ ಬಗ್ಗೆ ಒಂದು ಮಾತು. ಹಳೆ ಎಣ್ಣೆಯ ಮೇಲೆಯೇ ಹೊಸದು ತುಂಬುತ್ತಾ ಹೋದರೆ ತಳದಲ್ಲಿ ಕಮಟು ಕೂರುತ್ತದೆ, ಹೊಸ ಎಣ್ಣೆಯನ್ನೂ ಕೆಡಿಸುತ್ತದೆ. ಪೂರ್ತಿ ಖಾಲಿ ಮಾಡಿ, ಸೀಗೆಪುಡಿ ಅಥವಾ ಸೋಪಿನ ಬೆಚ್ಚಗಿನ ನೀರು ಹಾಕಿ ಅಲ್ಲಾಡಿಸಿ, ಮೂತಿಗೆ ತೆಂಗಿನ ಕಡ್ಡಿ ಹಾಕಿ ಉಜ್ಜಿ. ಒಣಗಿಸುವುದೇ ಕಷ್ಟ. ಒಳಗೆ ನಾಲ್ಕು ಹನಿ ನೀರು ಉಳಿದರೂ ಎಣ್ಣೆ ಬಿಟ್ಟಾಗ ಚಟಚಟ ಸಿಡಿಯುತ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆಯಿಂದ ದೂರದ ತಂತಿಗೆ ತಲೆಕೆಳಗಾಗಿ ಸಿಕ್ಕಿಸುತ್ತೇನೆ. ಹತ್ತಿರ ಸಿಕ್ಕಿಸಿದರೆ ಪ್ಲಾಸ್ಟಿಕ್ ಹೊಗೆ ವಾಸನೆ ಹಿಡಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಹೊರಮೈ ಅಂಟಂಟಾಗಿ, ತೊಳೆದರೂ ಜಿಡ್ಡು ಬಿಡದೆ ಇದ್ದರೆ ಬಾಟಲಿ ಬದಲಿಸುವ ಹೊತ್ತು. ನಾನು ಕೊಯ್ಲು ಶುರುವಾಗುವ ಮೊದಲೇ ಹೊಸದು ತರುತ್ತೇನೆ. ಹಳೇದು ಅಡಿಕೆ ಸುಲಿಯುವ ಮಷೀನಿನ ಚೈನಿಗೆ ಆಯಿಲ್ ಬಿಡುವುದಕ್ಕೆ ಹೋಗುತ್ತದೆ. ಅದಕ್ಕೆ ಕಪ್ಪು ಟೇಪ್ ಸುತ್ತಿ ಮಷೀನಿನ ಹತ್ತಿರವೇ ಕಟ್ಟಿಬಿಡಿ, ಅಡುಗೆ ಕಡೆ ವಾಪಸ್ ಬರದ ಹಾಗೆ.